ಯಾರೂ ತೆರೆಯದ ಪೆಟ್ಟಿಗೆ

ಶಿರಾದಲ್ಲಿ ಬಸ್ಸು ಬದಲಾಯಿಸಿ ಕಿಟಕಿಯ ಪಕ್ಕ ಕೂತ ರಂಗೇಶನಿಗೆ ಅಂಗಿಯ ಜೇಬಿನಲ್ಲಿದ್ದ ಮೊಬೈಲು ಎದೆಗೆ ಬಿಸಿಬಿಸಿಯಾಗಿ ತಾಗುತ್ತಿತ್ತು. ಬಿಸಿಲಿಗೆ ಕಾದದ್ದು ಅಷ್ಟೇ, ಮೇ ತಿಂಗಳಲ್ಲಿ ಯಾರ ಮೊಬೈಲು ತಾನೆ ತಣ್ಣಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ತೆಗೆದು ಪ್ಯಾಂಟಿನ ಜೇಬಿಗೆ ತುರುಕಿದ. ಅಲ್ಲಿಯೂ ಇರಿಸುಮುರಿಸಾಗಿ ಮತ್ತೆ ಮೇಲಿನ ಜೇಬಿಗೇ ತಂದ. ಅದರೊಳಗೆ ಅವನ ಅತ್ತೆ ಕೊಲ್ಲಾಪುರಮ್ಮನ ರಿಪೋರ್ಟು ಇತ್ತು. ಅದೇ ಅತ್ತೆ ಈ ಹೊತ್ತಿಗೆ ತಾವರೆಕೆರೆಯಲ್ಲಿ ಮರಿ ಕಡಿಸಿ, ನೆಂಟರನ್ನೆಲ್ಲ ಕರೆಸಿ, ತನಗೆ ಏನೂ ಆಗಿಲ್ಲವೆಂಬ ಸಂತೋಷಕ್ಕೆ ಹರಕೆ ಒಪ್ಪಿಸುತ್ತಿದ್ದಳು. ಏನೂ ಆಗಿಲ್ಲವೆಂದು ಮೊದಲು ಹೇಳಿದವನು ರಂಗೇಶನೇ. ಈಗ ಹೋಗಿ, ಎಲ್ಲರೂ ಉಣ್ಣಲು ಕೂತಿರುವಾಗ, ಆಗಿದೆ ಎನ್ನಬೇಕು. ಹೇಗೆ ಎನ್ನುವುದು? ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದಾಗ ಅವನಿಗೆ ಊರಿನ ಹೆಸರು ಚಟ್ಟನೆ ಬಾಯಿಗೆ ಬರಲಿಲ್ಲ. 'ನಿದ್ದೆ ಮಾಡ್ತಿದ್ದೀರಾ ಸಾರ್?' ಎಂದು ಕಂಡಕ್ಟರು ನಕ್ಕ.

ಬೆಳಿಗ್ಗೆ ಮಧುಗಿರಿಯಲ್ಲಿ ಅಂಗಡಿಯ ಶಟರನ್ನು ಅರ್ಧ ಎತ್ತಿದ್ದ ಅಷ್ಟೇ. ಕೋರ್ಟಿನ ಹಿಂದಿನ ಸಣ್ಣ ರಸ್ತೆಯಲ್ಲಿ ಅವನ ಅಂಗಡಿ. ಕರಾರು ಪತ್ರ ಟೈಪು ಮಾಡುವುದು, ಆನ್‌ಲೈನ್ ಅರ್ಜಿ ಹಾಕುವುದು, ಊರಿನ ಶಾಲೆ, ಚೌಲ್ಟ್ರಿ, ಲ್ಯಾಬುಗಳಿಗೆ ವೆಬ್‌ಸೈಟು ಮಾಡಿಕೊಡುವುದು ಅವನ ಕೆಲಸ. ಹರಕೆಗೆಂದು ಹೆಂಡತಿ ತೇಜಸ್ವಿನಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಇವನು ಒಂದೆರಡು ಅರ್ಜಿ ಮುಗಿಸಿ ಹೊರಡುವುದೆಂದಿತ್ತು. ಆಗ ನರಸಿಂಹರಾಜುವಿನ ಲ್ಯಾಬಿನ ಕೌಂಟರಿನಲ್ಲಿ ಕೂರುವ ಶೃತಿ ಫೋನು ಮಾಡಿದಳು. 'ಸಾರ್, ನಮ್ಮ ಲ್ಯಾಬ್ ಮೇಲ್‌ಗೆ ಏನೂ ಬರ್ತಾನೇ ಇಲ್ಲ ಸಾರ್. ಬೆಂಗ್ಳೂರಿನೋರು ಕಳ್ಸಿದೀವಿ ಅಂತಾರೆ, ನಮ್ ತಾವ ಇಲ್ಲ. ಪಾವಗಡದ ರಾಮಾಂಜಿನಮ್ಮ ಅಂತ ಒಬ್ರು ಪೇಷಂಟು, ಅವ್ರ ಮಗ ದಿನಾ ಫೋನ್ ಮಾಡಿ ತೆಲುಗಲ್ಲಿ ಬೈತಾವ್ನೆ.' ಯಾವತ್ತಿನಿಂದ ಎಂದು ರಂಗೇಶ ಕೇಳಿದ. 'ಸರಿಯಾಗಿ ಗೊತ್ತಿಲ್ಲ ಸಾರ್. ವೆಬ್‌ಸೈಟ್ ಪೂಜೆ ಆಯ್ತಲ್ಲ, ಆವತ್ತಿಂದ ಇರ್ಬೇಕು ಅನ್ಸುತ್ತೆ.' ರಂಗೇಶನ ಕೈ ಶಟರಿನ ಮೇಲೆಯೇ ನಿಂತಿತು. ಅವನಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಗಿಹೋಯಿತು. ಕಂಪ್ಯೂಟರು ಹಾಕಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಹಾಕಿ ನೋಡಿದ.

ಗಿರಾಕಿಗಳಿಗೆ ಅವನೇ ಎಷ್ಟು ಸಲ ಬಿಡಿಸಿ ಹೇಳಿಲ್ಲ! ಹೆಸರು ಒಂದೇ ಆದರೂ ಅಂಗಡಿ ಒಂದು ಕಡೆ ಇರುತ್ತದೆ, ಟಪಾಲು ಬೀಳುವ ಪೆಟ್ಟಿಗೆ ಇನ್ನೊಂದು ಕಡೆ ಇರುತ್ತದೆ ಸ್ವಾಮಿ. ವೆಬ್‌ಸೈಟಿಗೆ ಒಂದು ಸರ್ವರು, ಇಮೇಲಿಗೆ ಬೇರೆ ಸರ್ವರು. ಯಾವುದು ಎಲ್ಲಿದೆ ಎಂದು ದಾರಿ ತೋರಿಸುವ ರೆಕಾರ್ಡುಗಳೂ ಬೇರೆಬೇರೆ. ಅಂಗಡಿ ಬದಲಾಯಿಸುವಾಗ ಟಪಾಲಿನವನಿಗೆ ಹಳೆಯ ಪೆಟ್ಟಿಗೆಯೇ ಕಣಪ್ಪ ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ಅವನು ತಂದು ಹೊಸ ಅಂಗಡಿಯ ಬಾಗಿಲಿಗೇ ಹಾಕಿ ಹೋಗುತ್ತಾನೆ. ಹೀಗೆಲ್ಲ ಕೈ ತಿರುಗಿಸಿ ತಿರುಗಿಸಿ ಹೇಳಿ ಟೀ ಕುಡಿಸಿಕೊಂಡವನು ತಾನು. ನರಸಿಂಹರಾಜು ಹಳೆಯ ವೆಬ್‌ಸೈಟನ್ನು ತೆಗೆದು ಹೊಸದು ಮಾಡಿಸುವಾಗ, ಅಕ್ಷಯ ತದಿಗೆಯ ದಿನ ಇಷ್ಟು ಹೊತ್ತಿನೊಳಗೆ, ರಾಹುಕಾಲ ಬರುವ ಮುಂಚೆ ತೆರೆಯಬೇಕೆಂದು ಪುರೋಹಿತರಿಂದ ಬರೆಸಿಕೊಂಡು ಬಂದಿದ್ದ. ನಿಧಾನವಾಗಿ ಒಂದೊಂದೇ ರೆಕಾರ್ಡು ಬದಲಾಯಿಸುವ ಪುರುಸೊತ್ತು ಎಲ್ಲಿತ್ತು? ಹಳೆಯ ಕಂಪನಿಯ ಪಾಸ್‌ವರ್ಡು ಯಾರಿಗೂ ನೆನಪಿರಲಿಲ್ಲ. ಹೊರಗೆ ಶಾಮಿಯಾನ ಹಾಕಿ ಜನ ಸೇರಿದ್ದರು. ರಂಗೇಶ ಇಡೀ ಡೊಮೇನನ್ನೇ, ಎಂದರೆ ಲ್ಯಾಬಿನ ವೆಬ್ ಹೆಸರನ್ನೇ, ಎತ್ತಿ ಹೊಸ ಕಂಪನಿಯ ಕಡೆ ತಿರುಗಿಸಿಬಿಟ್ಟ. ಹೊಸ ಕಂಪನಿ ತನ್ನ ಪಾಡಿಗೆ ತಾನು ವೆಬ್‌ಸೈಟೂ ನನ್ನದೇ, ಇಮೇಲೂ ನನ್ನದೇ ಎಂದು ಬರೆದುಕೊಂಡಿತು. ಇಮೇಲಿನ ರೆಕಾರ್ಡನ್ನು ಊಟವಾದ ಮೇಲೆ ಕೂತು ಹಳೆಯ ಸರ್ವರಿಗೆ ತಿರುಗಿಸಿದರಾಯಿತು ಎಂದುಕೊಂಡಿದ್ದ. ವೆಬ್‌ಸೈಟಿಗೆ ಮುಹೂರ್ತವಿತ್ತು, ಇಮೇಲಿಗೆ ಯಾರೂ ಮುಹೂರ್ತ ಇಟ್ಟಿರಲಿಲ್ಲ.

ಆದರೆ ಅವನು ಮರೆತಿರಲಿಲ್ಲ. ಬಸ್ಸು ಹೆದ್ದಾರಿಗೆ ಹತ್ತಿ ಗಾಳಿ ಕೆನ್ನೆಗೆ ಬಡಿಯುತ್ತಿರುವಾಗ ರಂಗೇಶನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಅದು. ಮರೆತಿದ್ದರೆ ಮರೆವು ಎನ್ನಬಹುದಿತ್ತು. ಅವತ್ತು ಮಾನಿಟರಿಗೆ ಕುಂಕುಮ ಹಚ್ಚಿ, ಮೌಸಿಗೆ ಮಲ್ಲಿಗೆ ಹೂವು ಸುತ್ತಿ, ನರಸಿಂಹರಾಜು ಅದನ್ನು ಒತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಡಾಕ್ಟರಿಗೆ ಶಾಲು ಹೊದಿಸಿದರು, ಪುರೋಹಿತರಿಗೆ ಹೊದಿಸಿದರು, ಕಟ್ಟಡದ ಮಾಲೀಕನಿಗೂ ಹೊದಿಸಿದರು. ತಟ್ಟೆಯಲ್ಲಿ ಇನ್ನೂ ಒಂದು ಶಾಲು ಇತ್ತು. ರಂಗೇಶ ಯಾಕೋ ಅಂಗಿಯ ಕಾಲರು ಸರಿ ಮಾಡಿಕೊಂಡ. ನರಸಿಂಹರಾಜು ಅವನ ಕಡೆ ಕೈ ತೋರಿಸಿ, 'ಇವ್ರು ನಮ್ ಕಂಪ್ಯೂಟರ್ ರಿಪೇರಿಯೋರು, ಏನ್ ಕೆಟ್ರೂ ಓಡಿ ಬರ್ತಾರೆ' ಎಂದು ಡಾಕ್ಟರಿಗೆ ಹೇಳಿ ಶಾಲನ್ನು ತಡವಾಗಿ ಬಂದ ಯಾರೋ ಮುಖಂಡನಿಗೆ ಹೊದಿಸಿದ. ಕಾಲರಿಗೆ ಹೋದ ಕೈಯನ್ನು ತೇಜಸ್ವಿನಿ ನೋಡಿದ್ದಳು. ಅದೇ ಅವನಿಗೆ ಸಹಿಸಲಾಗಲಿಲ್ಲ. ಹೋಳಿಗೆ ಊಟ ಮಾಡಿ ಮನೆಗೆ ಹೋದವನು, ಇಮೇಲಿನ ಕೆಲಸ ಇದೆ ಎಂದು ಚೆನ್ನಾಗಿ ಗೊತ್ತಿದ್ದೂ, ರಿಪೇರಿಯವನು ತಾನೆ, ಕೆಟ್ಟ ಮೇಲೆ ಕರೆಯಲಿ ಬಿಡು ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಥೂ, ಒಂದು ಶಾಲಿಗೆ! ಆಮೇಲೆ ಅರ್ಜಿಗಳ ಕಾಲ ಬಂತು, ಕೆಲಸ ತಲೆಯ ಮೇಲೆ ಬಿತ್ತು, ಲ್ಯಾಬಿನವರೂ ಕರೆಯಲಿಲ್ಲ. ರಕ್ತ, ಸಕ್ಕರೆ ಎಲ್ಲ ಅವರೇ ಅಲ್ಲೇ ನೋಡುತ್ತಾರೆ. ಗಂಟಿನ ತುಂಡು ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸುವುದು ಅಪರೂಪ, ಅದರ ಉತ್ತರ ಮಾತ್ರ ಇಮೇಲಿನಲ್ಲಿ ಬರುವುದು. ಬರದಿದ್ದರೆ ಬೆಂಗಳೂರಿನವರು ತಡ ಮಾಡಿದರು ಎಂದುಕೊಂಡು ಸುಮ್ಮನಿದ್ದರು.

ಬೆಳಿಗ್ಗೆ ಅವನು ಇಮೇಲಿನ ರೆಕಾರ್ಡನ್ನು ಹಳೆಯ ಸರ್ವರಿಗೆ ತಿರುಗಿಸಿದ. ಒಂದು ಲೋಟ ಟೀ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಆಮೇಲೆ ಹೊಸ ಸರ್ವರಿನೊಳಗೆ ಹೋಗಿ, ಹೆಸರು ವಿಳಾಸ ಸರಿಹೊಂದದ ಟಪಾಲೆಲ್ಲ ಬಂದು ಬೀಳುವ ಮೂಲೆಯ ಪೆಟ್ಟಿಗೆಯನ್ನು ತೆರೆದ. ಯಾರೂ ತೆರೆಯದ ಪೆಟ್ಟಿಗೆ ಅದು. ಅದರ ಪಾಸ್‌ವರ್ಡು ಇದ್ದದ್ದು ರಂಗೇಶನ ಬಳಿ ಮಾತ್ರ. ಎಲ್ಲ ಅಲ್ಲೇ ಇದ್ದವು. ವಾಪಸು ಹೋಗಿದ್ದರೆ ಬೆಂಗಳೂರಿನವರಿಗಾದರೂ ಗೊತ್ತಾಗುತ್ತಿತ್ತು, ಒಂದೂ ವಾಪಸು ಹೋಗಿರಲಿಲ್ಲ. ರಾಮಾಂಜಿನಮ್ಮ, ಪಾವಗಡ. ಅದರ ಕೆಳಗೆ ಇನ್ಯಾರೋ ಕೊರಟಗೆರೆಯವರು. ಇನ್ನೂ ಕೆಳಗೆ, ಅಕ್ಷಯ ತದಿಗೆಯ ಮಾರನೆಯ ದಿನದ್ದು: ಕೊಲ್ಲಾಪುರಮ್ಮ, ತಾವರೆಕೆರೆ. ರಿಪೋರ್ಟಿನ ಇಂಗ್ಲಿಷು ಮೊದಮೊದಲು ಅರ್ಥವಾಗಲಿಲ್ಲ, ಕೊನೆಯ ಸಾಲು ಅರ್ಥವಾಯಿತು. ಕ್ಯಾನ್ಸರು. ಬೇಗ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಬರೆದಿತ್ತು. ಆ 'ಬೇಗ' ಎಂಬ ಪದದ ಮೇಲೆ ಅವನ ಕಣ್ಣು ನಿಂತಿತು. ಎಲ್ಲವನ್ನೂ ಲ್ಯಾಬಿಗೆ ಕಳಿಸಿ ಶೃತಿಗೆ ಫೋನು ಮಾಡಿ, 'ಸರ್ವರ್ ಪ್ರಾಬ್ಲಮ್ ಕಣಮ್ಮ, ಈಗ ಸರಿ ಹೋಯ್ತು' ಎಂದ. ಈ ಸೀಮೆಯಲ್ಲಿ ಆ ಎರಡು ಪದಕ್ಕೆ ಎದುರು ಮಾತಿಲ್ಲ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೂ ಅದೇ, ಬ್ಯಾಂಕಿನ ಮುಂದೆ ನಿಂತವರಿಗೂ ಅದೇ. ಮಳೆ ಬರಲಿಲ್ಲ ಎಂದ ಹಾಗೆ ಕೇಳಿಸಿಕೊಂಡು ಜನ ಮನೆಗೆ ಹೋಗುತ್ತಾರೆ. 'ಅಯ್ಯೋ, ಹಂಗಾ ಸಾರ್' ಎಂದಳು ಶೃತಿ, ಪಾಪ, ಸಮಾಧಾನವಾಗಿ.

ಕೊಲ್ಲಾಪುರಮ್ಮ ಹೆಂಡತಿಯ ತಾಯಿ ಮಾತ್ರವಲ್ಲ, ಅಪ್ಪನ ತಂಗಿ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಡ್ಲೇಕಾಯಿ ಹೊಲ ಸುತ್ತಿದವಳು. ಎದೆಯಲ್ಲಿ ಗಂಟು ಆಗಿದ್ದನ್ನು ಎಷ್ಟು ತಿಂಗಳು ಯಾರಿಗೂ ಹೇಳದೆ ಇದ್ದಳೋ. ಯುಗಾದಿಯ ಎಣ್ಣೆ ಸ್ನಾನದ ದಿನ ಬೆನ್ನು ಉಜ್ಜಲು ಹೋದ ತೇಜಸ್ವಿನಿ ನೋಡಿ, ಅತ್ತು, ಬಲವಂತದಿಂದ ಮಧುಗಿರಿಗೆ ಕರೆದುಕೊಂಡು ಬಂದಳು. ನರಸಿಂಹರಾಜು ನಮ್ಮ ಗಿರಾಕಿ, ತುಂಡನ್ನು ಪರೀಕ್ಷೆಗೆ ಅಲ್ಲೇ ಕೊಡೋಣ ಎಂದು ಹೇಳಿದವನು ರಂಗೇಶ. ದಿನಗಳು ಕಳೆದವು. ಒಂದು ಸಂಜೆ ತೇಜಸ್ವಿನಿ ಒಲೆಯ ಮುಂದಿನಿಂದಲೇ, 'ಏನ್ರೀ, ಅಮ್ಮಂದು ಇನ್ನೂ ಬರಲಿಲ್ವಲ್ಲ' ಎಂದಾಗ ಅವನು ಮೊಬೈಲಿನಿಂದ ತಲೆ ಎತ್ತದೆ, 'ಕೆಟ್ಟದ್ದೇನಾದ್ರೂ ಇದ್ದಿದ್ರೆ ಇಷ್ಟೊತ್ತಿಗೆ ಅವರೇ ಫೋನ್ ಮಾಡಿರೋರು. ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತಾನೇ ಅರ್ಥ' ಎಂದಿದ್ದ. ಅವಳು ಅದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಅದನ್ನು ಊರಿಗೆ ಹೇಳಿದಳು: ನಮ್ ರಂಗ ಹೇಳವ್ನೆ, ಏನೂ ಇಲ್ವಂತೆ. ಹೊಲದ ಬದುವಿನ ಬೇವಿನ ಮರದ ಕೆಳಗೆ ಅವಳ ಹೆಸರಿನದೇ ದೇವಿ ಇದ್ದಾಳೆ. ಆ ಅಮ್ಮನಿಗೆ ಹರಸಿಕೊಂಡು ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮನೆಯ ಅಡ್ಡತೊಲೆಗೆ ನೇತುಹಾಕಿದ್ದಳು. ಹರಕೆ ತೀರಿದ ದಿನ ಮಾತ್ರ ಬಿಚ್ಚುವ ಗಂಟು ಅದು, ತೀರದೆ ಬಿಚ್ಚುವಂತಿಲ್ಲ. ಇವತ್ತು ಬಿಚ್ಚಿರುತ್ತಾಳೆ.

ತಾವರೆಕೆರೆ ಇನ್ನೂ ಸ್ವಲ್ಪ ದೂರ ಇರುವಾಗ ಮತ್ತೆ ಶೃತಿಯ ಫೋನು ಬಂತು. 'ಸಾರ್, ಪಾವಗಡದೋರದ್ದು ನಾರ್ಮಲ್ ಸಾರ್. ಏನೂ ಇಲ್ಲ. ಅವ್ರ ಮಗ ಈಗ ಅಕ್ಕ ಅಕ್ಕ ಅಂತ ಖುಷಿಯಾಗಿ ಮಾತಾಡ್ದ.' ರಂಗೇಶ ಹೂಂ ಎಂದ. ಒಳಗೆ ಒಂದು ಕೆಟ್ಟ ಹೊಟ್ಟೆಕಿಚ್ಚು ಎದ್ದಿತು. ಕಾಣದ ಒಬ್ಬ ಹೆಂಗಸಿಗೆ ರೋಗವಿಲ್ಲವೆಂದು ತನಗೆ ಹೊಟ್ಟೆ ಉರಿಯಬೇಕೆ? ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಿದ್ದಿದ್ದವಲ್ಲ, ಅದು ಅತ್ತೆಯದಾಗಿ ಇದು ಅವಳದಾಗಬಾರದಿತ್ತೆ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಿ ಕಿಟಕಿಯ ಸರಳಿಗೆ ಹಣೆ ಒತ್ತಿದ. 'ಸಾರ್, ತಾವರೆಕೆರೆಯೋರದ್ದು ಒಂದೈತೆ, ಅದು ಸ್ವಲ್ಪ...' ಎಂದು ಶೃತಿ ಶುರುಮಾಡಿದಳು. 'ಗೊತ್ತು' ಎಂದು ಫೋನಿಟ್ಟ.

ಮನೆಯ ಮುಂದೆ ಹುಣಸೆ ಮರದ ನೆರಳಿಗೆ ಚಾಪೆ ಹಾಸಿದ್ದರು. ಮಸಾಲೆ ಕುದಿಯುವ ವಾಸನೆ ಬೀದಿಯವರೆಗೂ ಬಂದಿತ್ತು, ಬೆಳಿಗ್ಗೆಯಿಂದ ಏನೂ ತಿನ್ನದ ಅವನ ಬಾಯಲ್ಲಿ ನೀರೂರಿತು. ಇಂಥ ಹೊತ್ತಿನಲ್ಲೂ ಊರುತ್ತದಲ್ಲ! ಅತ್ತೆಯ ಮಗ ಮಲ್ಲೇಶ ಬೆವರು ಒರೆಸಿಕೊಳ್ಳುತ್ತ ಬಂದು, 'ಏನ್ ಭಾವ ಇಷ್ಟೊತ್ತಾ? ಆರತಿ ಎಲ್ಲಾ ಆಗೋಯ್ತು. ಅವ್ವ ನೀನು ಬರ್ದೆ ಯಾರ್ಗೂ ಎಲೆ ಹಾಕ್ಬ್ಯಾಡ ಅಂತ ಕುಂತೈತೆ' ಎಂದ. ಚಾಪೆಯ ಮೇಲೆ ಒರಗಿದ್ದ ಪಕ್ಕದ ಮನೆಯ ಪೆದ್ದಣ್ಣ, 'ಬಾರಪ್ಪ ಕಂಪ್ಯೂಟ್ರು. ಹೆಂಗೂ ಬಂದಿದೀಯ, ಉಂಡಾದ್ಮೇಲೆ ನಂದೊಂದು ಪಹಣಿ ನೋಡ್ಕೊಡು. ಯಾವಾಗ ಹೋದ್ರೂ ಸರ್ವರ್ ಇಲ್ಲ ಅಂತಾವ್ರೆ ಬಡ್ಡೀಮಕ್ಳು' ಎಂದ. ಎಲ್ಲರೂ ನಕ್ಕರು. ರಂಗೇಶನೂ ನಕ್ಕ. ನಗುತ್ತಲೇ ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋದ.

ತೇಜಸ್ವಿನಿ ನೀರಿನ ಡ್ರಮ್ಮಿನ ಪಕ್ಕ ನಿಂತು ಲೋಟ ತೊಳೆಯುತ್ತಿದ್ದಳು. ಕೊರಟಗೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು ಅವಳು. ಹಸಿರು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖದಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಕಳೆ ಇತ್ತು. ಮೊಬೈಲನ್ನು ತೆಗೆದು ಕೊಟ್ಟ. ಅವಳು ಕೈ ಒರೆಸಿಕೊಂಡು ಓದಿದಳು. ಓದುತ್ತ ಓದುತ್ತ ಡ್ರಮ್ಮಿನ ಅಂಚು ಹಿಡಿದುಕೊಂಡಳು. 'ಇವತ್ತು ಬಂತಾ?' ಎಂದು ಕೇಳಿದಳು. 'ಇವತ್ತು ಬೆಳಿಗ್ಗೆ ಸಿಕ್ತು.' 'ಸಿಕ್ತು ಅಂದ್ರೆ?' 'ಸರ್ವರ್ ಪ್ರಾಬ್ಲಮ್ ಆಗಿತ್ತು' ಎಂದ. ಅವಳು ಎರಡು ಬೆರಳಿನಿಂದ ಪರದೆಯ ಮೇಲುಭಾಗವನ್ನು ದೊಡ್ಡದು ಮಾಡಿ ತಾರೀಖು ನೋಡಿದಳು. 'ಇದು ಪೂಜೆ ಮಾರನೇ ದಿನದ್ದು' ಎಂದಳು. 'ಹೂಂ.' 'ಆವತ್ತು ನೀವು ಮುಖ ಊದಿಸ್ಕೊಂಡು ಮಲಗಿದ್ರಿ. ಇನ್ನೊಂದು ಕೆಲ್ಸ ಬಾಕಿ ಇದೆ, ಮಾಡಲ್ಲ ಹೋಗು ಅಂದ್ರಿ. ಏನು ಕೆಲ್ಸ ಅಂತ ನಾನು ಕೇಳಲಿಲ್ಲ.' ಹಾಗೆ ಜೋರಾಗಿ ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ. ಅವಳು ಬೈಯಲಿ, ಕೂಗಲಿ ಎಂದು ಕಾದ. ಅವಳು ಮೊಬೈಲನ್ನು ವಾಪಸು ಕೊಟ್ಟು, ತೊಳೆದ ಲೋಟವನ್ನೇ ಮತ್ತೆ ಒಂದು ಸಲ ತೊಳೆದು, ಮುಖಕ್ಕೆ ನೀರು ಹಾಕಿಕೊಂಡು ಒಳಗೆ ಹೋದಳು.

ಹಿತ್ತಲಿನ ಬಿಸಿಲಿನಲ್ಲಿ ಅವನೊಬ್ಬನೇ ನಿಂತ. ಇಲ್ಲಿಂದಲೇ ಹಿಂದಿನ ಬದುವಿನ ಮೇಲೆ ಹೋಗಿ ಬಸ್ಸು ಹತ್ತಿಬಿಡಬಹುದು ಎಂದು ಒಂದು ಕ್ಷಣ ಅನ್ನಿಸಿತು, ಚಪ್ಪಲಿ ಮುಂದಿನ ಬಾಗಿಲಲ್ಲಿವೆ ಎಂಬುದೂ ನೆನಪಾಯಿತು. ಒಳಗಿನಿಂದ ಅತ್ತೆಯ ದನಿ ಬಂತು. 'ರಂಗ, ಒಂಚೂರು ಇತ್ಲಾಗೆ ಬಾರ್ಲಾ.'

ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ರಾಗಿ ಚೀಲಗಳ ನಡುವೆ ಅವಳು ಕೂತಿದ್ದಳು. ಹಣೆ ತುಂಬ ಕುಂಕುಮ, ಮಡಿಲಲ್ಲಿ ದೇವಿಗೆ ಒಪ್ಪಿಸಿ ತಂದ ತಂಬಿಟ್ಟಿನ ಆರತಿ ತಟ್ಟೆ. ತೇಜಸ್ವಿನಿ ಬಾಗಿಲ ಚೌಕಟ್ಟಿಗೆ ಒರಗಿದ್ದಳು, ಅವನ ಕಡೆ ನೋಡಲಿಲ್ಲ. 'ತೇಜು ಹೇಳಿದ್ಲು ಕಣ್ಲಾ' ಎಂದಳು ಅತ್ತೆ. ದನಿ ನಡುಗಿರಲಿಲ್ಲ. 'ಎಲ್ಲೋ ಕಳ್ದೋಗಿದ್ದ ಕಾಗ್ದನ ನೀನೇ ಕಂಪ್ಯೂಟ್ರಾಗೆ ಹುಡ್ಕಿ ತಗ್ದಂತೆ. ಇಲ್ದಿದ್ರೆ ಅಂಗೇ ಇರ್ತಿತ್ತಂತೆ. ನೀನಿದ್ದಿದ್ದಕ್ಕೆ ಆಯ್ತು.' ರಂಗೇಶ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ಹೀಗೆ ಉಳಿಸಿದ್ದಳು, ಅಥವಾ ಹೀಗೆ ಕಟ್ಟಿಹಾಕಿದ್ದಳು. ಸುಮ್ಮನೆ ನಿಂತರೆ ಸಾಕಾಗಿತ್ತು. ಇಡೀ ಊರಿನಲ್ಲಿ ಯಾರೂ ಎಂದೂ ಕೇಳುತ್ತಿರಲಿಲ್ಲ. 'ತಡ ಏನೂ ಆಗಿಲ್ಲ ತಾನೇ?' ಎಂದು ಅತ್ತೆ ಕೇಳಿದಳು. ಆಗ ತೇಜಸ್ವಿನಿ ತಲೆ ಎತ್ತಿ ಅವನನ್ನು ನೋಡಿದಳು.

'ಆಗೈತೆ ಅತ್ತೆ' ಎಂದ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. 'ಒಂದು ತಿಂಗ್ಳು ತಡ ಆಗೈತೆ. ನನ್ನಿಂದ್ಲೇ.' ಅತ್ತೆಗೆ ಅರ್ಥವಾಗಲಿಲ್ಲ. 'ಅಂದ್ರೆ ನಾನು ಹರಕೆಗೆ ಮರಿ ಕಟ್ಟೋ ಹೊತ್ಗೆ ಆ ಕಾಗ್ದ ಬಂದಿತ್ತಾ?' 'ಬಂದಿತ್ತು.' 'ಎಲ್ಲಿತ್ತು?' 'ನನ್ ತಾವೇ ಇತ್ತು. ಟಪಾಲು ಎಲ್ಲಿಗೆ ಹೋಗ್ಬೇಕು ಅಂತ ನಾನೇ ಸರಿಯಾಗಿ ಹೇಳಿರ್ಲಿಲ್ಲ, ಅದು ನನ್ ಪೆಟ್ಟಿಗೇಲೇ ಬಂದು ಬಿದ್ದಿತ್ತು. ನಾನು ತೆಗ್ದು ನೋಡ್ಲಿಲ್ಲ. ನೋಡ್ದೇನೇ ಏನೂ ಇಲ್ಲ ಅಂದ್ಬುಟ್ಟೆ.' ಎಲ್ಲ ಹೇಳಿದರೂ ಶಾಲಿನ ವಿಷಯ ಹೇಳಲಾಗಲಿಲ್ಲ. ಹೊರಗೆ ಪೆದ್ದಣ್ಣ ಯಾವುದೋ ಮಾತಿಗೆ ಜೋರಾಗಿ ಕೆಮ್ಮಿ ನಗುತ್ತಿದ್ದ.

ಅತ್ತೆ ಆರತಿ ತಟ್ಟೆಯನ್ನು ಮಡಿಲಿನಿಂದ ಕೆಳಗಿಟ್ಟಳು. ಅವಳು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ, ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ಅವನು ಎಣಿಸಿದ್ದ. 'ಹಂಗಾರೆ ಅಮ್ಮಂಗೆ ಸುಳ್ಳು ಹರಕೆ ಕೊಟ್ಟಂಗಾಯ್ತಲ್ಲೋ' ಎಂದಳು. 'ನೀನು ಕಾಪಾಡ್ದೆ ತಾಯಿ ಅಂತ ಎಲ್ರ ಮುಂದೆ ಅಡ್ಡ ಬಿದ್ದೆ. ಅವ್ಳು ಕಾಪಾಡೇ ಇರ್ಲಿಲ್ಲ. ಏನಂತ ತಿಳ್ಕಂಡ್ಳೋ ನನ್ನ. ಗಂಟೂ ಬಿಚ್ಬುಟ್ಟೆ.' ಅವಳ ಕಣ್ಣಲ್ಲಿ ಆಗ ನೀರು ಬಂತು. ರೋಗಕ್ಕಲ್ಲ, ಈ ಮರ್ಯಾದೆಗೇಡಿಗೆ. ಅದು ಎಂಥದೆಂದು ರಂಗೇಶನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನಿಗೆ ಅವಳ ಕಾಲು ಹಿಡಿಯಬೇಕೆನಿಸಿತು, ಆದರೆ ಕಾಲು ಹಿಡಿಯುವುದೂ ನಾಟಕದಂತೆ ಕಾಣುತ್ತದೆಂದು ಹೆದರಿ ನಿಂತೇ ಇದ್ದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆಯ ಅಂಚಿನಲ್ಲಿದ್ದ ಅರಿಶಿನದ ಬಟ್ಟೆಯನ್ನು ಮಂಡಿಯ ಮೇಲೆ ಹರಡಿದಳು. ಅದರ ನಡುವೆ ಅದೇ ನಾಣ್ಯವನ್ನು ಮತ್ತೆ ಇಟ್ಟು ಮಡಚಿದಳು. ಗಂಟು ಜಾರಿತು. ತೇಜಸ್ವಿನಿ ಮುಂದೆ ಬಂದಳು. ಅತ್ತೆ ತಲೆ ಅಲ್ಲಾಡಿಸಿ ಅವನ ಕಡೆ ನೋಡಿದಳು. 'ಇಲ್ಲಿ ಬೆಟ್ಟಿಡ್ಲಾ.' ರಂಗೇಶ ಮಂಡಿಯೂರಿ ಮಡಿಕೆಯ ಮೇಲೆ ತೋರುಬೆರಳಿಟ್ಟ. ಅವಳು ಎರಡು ಕೊನೆಗಳನ್ನು ಸುತ್ತಿ ಬಿಗಿದಳು, ಬೆರಳು ಎಳೆದುಕೊಳ್ಳುವಾಗ ನೋಯುವಷ್ಟು ಬಿಗಿದಳು. 'ನಾಳೆ ಬೆಂಗ್ಳೂರಿಗೆ ಹೋಗಾನ. ಈಗ ಯಾರ್ಗೂ ಹೇಳ್ಬ್ಯಾಡಿ, ಬಂದೋರು ಉಂಡೋಗ್ಲಿ. ನೀನು ಹೋಗಿ ಪಂಕ್ತೀಲಿ ಕುತ್ಕ. ನೀನು ಉಣ್ದಿದ್ರೆ ಎಲ್ರಿಗೂ ಗೊತ್ತಾಯ್ತದೆ' ಎಂದಳು.

ಅವನು ಹೋಗಿ ಪೆದ್ದಣ್ಣನ ಪಕ್ಕ ಕೂತ. ಎಲೆ ಬಂತು, ಮುದ್ದೆ ಬಂತು. ಅತ್ತೆ ಸೆರಗು ಸುತ್ತಿಕೊಂಡು ತಾನೇ ಬಡಿಸುತ್ತ ಬಂದಳು, ಒಬ್ಬೊಬ್ಬರನ್ನೂ ಮಾತಾಡಿಸಿದಳು, ಇನ್ನೊಂಚೂರು ಹಾಕ್ಕಳಿ ಎಂದಳು. ಅವನ ಎಲೆಯ ಮುಂದೆ ಬಗ್ಗಿ, ಅವನು ಚಿಕ್ಕವನಿದ್ದಾಗಿನಿಂದಲೂ ಅವನಿಗೆಂದೇ ಎತ್ತಿಡುತ್ತಿದ್ದ, ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಹಾಕಿದಳು. 'ನೋಡ್ರಪ್ಪ, ಅಳಿಯಂಗೆ ಮಾತ್ರ ನಲ್ಲಿ ಮೂಳೆ!' ಎಂದು ಪೆದ್ದಣ್ಣ ಕೂಗಿದ. ಎಲ್ಲರೂ ನಕ್ಕರು. 'ಉಣ್ಲಾ, ಆರೋಯ್ತದೆ' ಎಂದಳು ಅತ್ತೆ. ರಂಗೇಶ ಮೂಳೆಯನ್ನು ಎತ್ತಿ ಬಾಯಿಗಿಟ್ಟ. ಅವನು ಪೂರ್ತಿ ತಿನ್ನುವವರೆಗೂ ಅವಳು ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.